ಪಂಪ್ ರೂಮಿನ ತಾರಸಿಯಲ್ಲೊಂದು ಬಾಣಂತನ

ಹುಲ್ಲಿಗೆ ನೀರು ಬಿಡುವುದೂ ಒಂದು ಕೆಲಸವೇ ಎಂದು ಊರಿಗೆ ಮರಳಿದ ಮೇಲೆ ಹಲವರು ಕೇಳಿದ್ದಾರೆ. ಕೆಲಸವೇ. ದುಬೈಯ ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಹುಲ್ಲು ಬಾಡುತ್ತದೆ, ಮರುದಿನ ಹಳದಿಯಾಗುತ್ತದೆ, ಅದರ ಮರುದಿನ ಸೂಪರ್‌ವೈಸರ್ ಬದಲಾಗುತ್ತಾನೆ. ನಾನು ಬದಲಾಗದೆ ಅರವತ್ತು ದಾಟುವವರೆಗೆ ಉಳಿದೆ. ಅದನ್ನು ಸಾಧನೆ ಎನ್ನುವುದಿಲ್ಲ. ಆದರೆ ಹೇಳಿಕೊಳ್ಳಲು ಬೇರೆ ಹೆಚ್ಚೇನೂ ಇಲ್ಲ.

ನನ್ನ ಅಕ್ಕನ ಮಗ ಪ್ರಶಾಂತ ಇದೇ ಕೆಲಸಕ್ಕೆ ಅಬುಧಾಬಿಗೆ ಹೊರಟಿದ್ದಾನೆ. "ಮಾವ, ಅಲ್ಲಿ ಎಂತೆಲ್ಲ ಗೊತ್ತಿರ್ಬೇಕು?" ಎಂದು ಕೇಳಿದ. ಪೈಪು, ವಾಲ್ವು, ಗೊಬ್ಬರ, ಕೀಟನಾಶಕ ಇವನ್ನೆಲ್ಲ ಕಂಪನಿಯವರೇ ಕಲಿಸುತ್ತಾರೆ. ಕಲಿಸದೆ ಬಿಡುವ ಸಂಗತಿಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತೇನೆ. ಅವನ ಜೊತೆಯವರಿಗೂ ಉಪಯೋಗವಾದೀತು. ಆಗದಿದ್ದರೆ ನನ್ನ ತಪ್ಪಲ್ಲ.

ಮೊದಲು ನೀರಿನ ವಿಷಯ. ಅಲ್ಲಿ ಉದ್ಯಾನಗಳಿಗೆ ಬಿಡುವುದು ಊರ ಚರಂಡಿಯ ನೀರು, ಶುದ್ಧ ಮಾಡಿದ್ದು. ಹುಲ್ಲಿಗೆ ಅದೆಂದರೆ ಪ್ರಾಣ. ಕುಡಿಯಬಾರದು, ಮುಟ್ಟಬಾರದು ಎಂದು ಅಲ್ಲಲ್ಲಿ ಫಲಕ ಹಾಕಿರುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅಂಥದೊಂದು ನಲ್ಲಿಯಲ್ಲಿ ದಿನಾ ಬೆಳಿಗ್ಗೆ ಮುಖ ತೊಳೆಯುತ್ತಿದ್ದೆ. ಒಂದು ವಾರವಾದ ಮೇಲೆ ಜೊತೆಯವನೊಬ್ಬ ಫಲಕವನ್ನು ಓದಿ ಹೇಳಿದ. ಮುಖಕ್ಕೆ ಏನೂ ಆಗಲಿಲ್ಲ. ಆದರೂ ಹೊಸಬರು ಫಲಕಗಳನ್ನು ಓದುವುದು ಒಳ್ಳೆಯದು.

ಬಹಳ ವರ್ಷ ನಾನು ಹೆದ್ದಾರಿ ಪಕ್ಕದ ಖರ್ಜೂರದ ಮರಗಳಿಗೆ ನೀರು ಹಾಕಿಸಿದೆ. ಆ ಬಗ್ಗೆ ಹೇಳುವುದಕ್ಕೇನಿಲ್ಲ. ಮರಗಳು ಮಾತಾಡುವುದಿಲ್ಲ, ಕಾರುಗಳು ನಿಲ್ಲುವುದಿಲ್ಲ. ಮೆಟ್ರೋ ಬಂದು ಕೆಲವು ವರ್ಷಗಳಾದ ಮೇಲೆ ನನ್ನನ್ನು ಒಂದು ಉದ್ಯಾನಕ್ಕೆ ಹಾಕಿದರು. ಜುಮೇರಾ ಲೇಕ್ ಟವರ್ಸಿನ ಕಟ್ಟಡಗಳು ಅಲ್ಲಿಂದ ಕಾಣುತ್ತಿದ್ದವು. ಒಂದು ತುದಿಯಲ್ಲಿ ಕೊಳ, ಇನ್ನೊಂದು ತುದಿಯಲ್ಲಿ ಪಂಪ್ ರೂಮು, ನಡುವೆ ವಿಶಾಲವಾದ ಹುಲ್ಲುಹಾಸು, ಸುತ್ತ ಓಡುವವರ ದಾರಿ. ಕೊಳದಲ್ಲಿ ಒಂದು ಜೊತೆ ಹೆಬ್ಬಾತು.

ಇವು ಈಜಿಪ್ಟ್ ಹೆಬ್ಬಾತುಗಳು. ಕಂದು ಮೈ, ಯಾರೋ ಗುದ್ದಿದಂತೆ ಕಣ್ಣಿನ ಸುತ್ತ ಕೆಂಗಂದು ಕಲೆ, ರೆಕ್ಕೆ ಬಿಚ್ಚಿದರೆ ಬಿಳಿ ಪಟ್ಟಿ. ಹಿಂದೆ ಯಾವುದೋ ದೊಡ್ಡವರ ತೋಟದಿಂದ ಹಾರಿಹೋದವುಗಳ ವಂಶವಂತೆ. ಈಗ ಅವಕ್ಕೆ ಯಜಮಾನರಿಲ್ಲ, ಸ್ಪಾನ್ಸರ್ ಇಲ್ಲ, ವೀಸಾ ಇಲ್ಲ. ನಮ್ಮಲ್ಲಿ ಯಾರಿಗೂ ಇಲ್ಲದ ಧೈರ್ಯದಿಂದ ಅವು ಆ ಊರಿನಲ್ಲಿ ಓಡಾಡುತ್ತಿದ್ದವು. ಹೆಣ್ಣಿಗೆ ದೊಡ್ಡ ಗಂಟಲು. ಗಂಡು ಹೆಚ್ಚು ಕೂಗುವುದಿಲ್ಲ, ಹಾವಿನಂತೆ ಬುಸುಗುಟ್ಟುತ್ತದೆ.

ಓಡುವ ದಾರಿಯ ಮೇಲೆ ಅವು ಮಾಡುವ ಗಲೀಜಿನ ಬಗ್ಗೆ ದೂರು ಬರುತ್ತಿತ್ತು. ಹೆದರಿಸಲೆಂದು ಕಂಪನಿ ಒಂದು ಪ್ಲಾಸ್ಟಿಕ್ ಗೂಬೆಯನ್ನು ಕಳಿಸಿತು. ಕಂಬ ನೆಟ್ಟು ಅದನ್ನು ಕೂರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಗಂಡು ಹೆಬ್ಬಾತು ಗೂಬೆಯ ತಲೆಯ ಮೇಲೆ ನಿಂತಿತ್ತು. ಆ ಬಗ್ಗೆಯೂ ದೂರು ಬಂತು.

ನಮ್ಮ ಇಂಜಿನಿಯರ್ ಹೆಸರು ಹಾನಿ. ಅರಬಿ ಭಾಷೆಯಲ್ಲಿ ಅದಕ್ಕೆ ಸಂತೋಷವಾಗಿರುವವನು ಎಂದು ಅರ್ಥವಂತೆ. "ಇವತ್ತು ಹಾನಿ ಉಂಟಾ?" ಎಂದು ನಾವು ಊರಿನವರು ನಮ್ಮೊಳಗೆ ಕೇಳಿಕೊಂಡಾಗ ಅದರಲ್ಲಿ ಬೇರೆ ಅರ್ಥವೇನೂ ಇರುತ್ತಿರಲಿಲ್ಲ. ಇದ್ದರೂ ಸರಿಯಾಗಿಯೇ ಇರುತ್ತಿತ್ತು. ನನಗಿಂತ ಬಹಳ ಚಿಕ್ಕವರು, ಯಾವಾಗಲೂ ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಈಜಿಪ್ಟಿನ ಅಲೆಕ್ಸಾಂಡ್ರಿಯಾದವರು. ಈ ಹಕ್ಕಿಗಳು ನಿಮ್ಮ ದೇಶದವು ಎಂದು ಒಮ್ಮೆ ಹೇಳಿದೆ. ಅವರು ಕೊಳದ ಕಡೆ ನೋಡಿ, "ನನಗೆ ಪರಿಚಯವಿಲ್ಲ" ಎಂದರು.

ಕೆಲಸದ ರೀತಿ ಬದಲಾದದ್ದು ಹಾನಿಯವರ ಕಾಲದಲ್ಲಿ. ಹಿಂದೆಲ್ಲ ನಾನು ಮಣ್ಣಿಗೆ ಬೆರಳಿಟ್ಟು ನೋಡಿ ವಾಲ್ವ್ ತಿರುಗಿಸುತ್ತಿದ್ದೆ. ಈಗ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಆಫೀಸಿನಲ್ಲಿ ಒಂದು ಕಂಟ್ರೋಲ್ ರೂಮು ಮಾಡಿ, ಅಲ್ಲಿಂದಲೇ ಎಲ್ಲ ಉದ್ಯಾನಗಳಿಗೆ ಕಂಪ್ಯೂಟರಿನಲ್ಲಿ ನೀರು ಬಿಡತೊಡಗಿದರು. ನಮ್ಮ ಕೈವಾಲ್ವ್‌ಗಳನ್ನು ಕಳಚಿಕೊಂಡು ಹೋದರು. ಹೊಸ ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೀರು ಉಳಿಯಿತು, ಹುಲ್ಲು ಸಮನಾಗಿ ಬೆಳೆಯಿತು. ವರ್ಷಕ್ಕೊಮ್ಮೆ ಜೋರು ಮಳೆ ಬಂದ ದಿನವೂ ಸ್ಪ್ರಿಂಕ್ಲರ್‌ಗಳು ತಮ್ಮ ಪಾಡಿಗೆ ನೀರು ಚಿಮ್ಮಿಸುತ್ತಿದ್ದವು, ಜನ ಕೊಡೆ ಹಿಡಿದು ನಿಂತು ಫೋಟೊ ತೆಗೆಯುತ್ತಿದ್ದರು. ಅಷ್ಟೇ.

ಹಳೆಯ ಪಂಪ್ ರೂಮಿಗೆ ಇನ್ನು ಕೆಲಸವಿರಲಿಲ್ಲ. ಅದನ್ನು ಕೆಡವಿ ಅಲ್ಲೊಂದು ಕಾಫಿ ಅಂಗಡಿ ಮಾಡುವುದೆಂದು ತೀರ್ಮಾನವಾಯಿತು. ಅದೇ ಸಮಯಕ್ಕೆ ಹೆಣ್ಣು ಹೆಬ್ಬಾತು ಕಾಣೆಯಾಯಿತು.

ಅದನ್ನು ಮೊದಲು ಗಮನಿಸಿದವರು ಫ್ಲೇವಿಯಾ ಬಾಯಿ. ಹತ್ತಿರದ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನರ್ಸ್. ಮಂಗಳೂರಿನ ಕೊಂಕಣಿಯವರು, ನನ್ನದೇ ವಯಸ್ಸಿನ ಆಸುಪಾಸು. ದಿನಾ ಬೆಳಿಗ್ಗೆ ಡ್ಯೂಟಿಗೆ ಮೊದಲು ಉದ್ಯಾನದಲ್ಲಿ ನಡೆಯಲು ಬರುತ್ತಿದ್ದರು.

"ಸದಾನಂದರೇ, ಹೆಂಡತಿ ಎಲ್ಲಿ?" ಎಂದು ಕೇಳಿದರು.

"ಊರಲ್ಲಿದ್ದಾಳೆ."

"ನಿಮ್ಮದಲ್ಲ ಮಾರಾಯ್ರೆ, ಅದರದ್ದು." ಗಂಡು ಹೆಬ್ಬಾತು ಪಂಪ್ ರೂಮಿನ ಮುಂದೆ ಒಬ್ಬಂಟಿಯಾಗಿ ಅತ್ತಿಂದಿತ್ತ ನಡೆಯುತ್ತಿತ್ತು. "ನಮ್ಮ ವಾರ್ಡಿನ ಹೊರಗೆ ಗಂಡಂದಿರು ಹೀಗೇ ನಡೆಯುದು. ಒಳಗೆ ಎಂತದೋ ಉಂಟು, ನೋಡಿ."

ನಮ್ಮ ಮಾಲಿ ಜಮಾಲ್ ಏಣಿ ಹಾಕಿ ಹತ್ತಿದ. ಬಾಂಗ್ಲಾದೇಶದವನು, ಮಿತಭಾಷಿ. ಇಳಿದು ಬಂದು, "ಭಾಯ್, ಅಂಡಾ" ಎಂದು ಕೈತೊಳೆಯಲು ಹೋದ. ತಾರಸಿಯಲ್ಲಿ ನಾವು ಹಳೆಯ ಗೋಣಿಚೀಲಗಳನ್ನು ಹಾಕಿದ್ದೆವು. ಅದರ ನಡುವೆ ಹೆಣ್ಣು ತನ್ನ ಎದೆಯ ತುಪ್ಪಳ ಕಿತ್ತು ಹಾಸಿ ಮೊಟ್ಟೆಗಳ ಮೇಲೆ ಕೂತಿತ್ತು.

ಪಂಪ್ ರೂಮನ್ನು ಕೆಡವಲು ದಿನ ಗೊತ್ತಾಗಿತ್ತು. ಹಾನಿಯವರಿಗೆ ಫೋನು ಮಾಡಿದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಒಂದು ಪೆಟ್ಟಿಗೆಗೆ ಹಾಕಿ ಕೊಳದ ಪಕ್ಕ ಇಡು. ಖಲಾಸ್."

ಫ್ಲೇವಿಯಾ ಬಾಯಿ ಒಪ್ಪಲಿಲ್ಲ. "ಬೆಡ್ ಬದಲಾಯಿಸಿದ್ರೆ ತಾಯಿ ಮತ್ತೆ ಬರುದಿಲ್ಲ. ಮೊಟ್ಟೆ ತಣ್ಣಗಾದ್ರೆ ಮುಗೀತು. ನಿಮ್ಮ ಇಂಜಿನಿಯರಿಗೆ ಹೇಳಿ."

ಹೇಳುವುದು ಸುಲಭವಿರಲಿಲ್ಲ. ಅರವತ್ತು ದಾಟಿದವರ ವೀಸಾ ಮುಂದುವರಿಯಬೇಕಾದರೆ ಕಂಪನಿ ಬರೆದುಕೊಡಬೇಕು, ಅದಕ್ಕೆ ಇಂಜಿನಿಯರ್ ಸಹಿ ಬೇಕು. ನನ್ನದು ಆ ತಿಂಗಳು ಅವರ ಮೇಜಿನ ಮೇಲಿತ್ತು. ಮಗಳ ಮದುವೆಗೆ ಇನ್ನೊಂದು ವರ್ಷವಿತ್ತು. ಆ ಒಂದು ವರ್ಷ ನನಗೆ ಅಲ್ಲಿ ಬೇಕಾಗಿತ್ತು. ಪೆಟ್ಟಿಗೆಯೊಂದನ್ನು ತಂದು ಪಂಪ್ ರೂಮಿನ ಬಾಗಿಲಲ್ಲಿಟ್ಟೆ. ದಿನವಿಡೀ ಅದು ಅಲ್ಲೇ ಇತ್ತು. ಮರುದಿನ ಹಾನಿಯವರಿಗೆ ಮತ್ತೆ ಫೋನು ಮಾಡಿ, "ಗಂಡು ಹತ್ತಲು ಬಿಡುತ್ತಿಲ್ಲ ಸರ್" ಎಂದೆ. ಅದು ಪೂರ್ತಿ ಸುಳ್ಳಲ್ಲ. ಜಮಾಲ್ ಇಳಿದ ಮೇಲೆ ನಾವು ಮತ್ತೆ ಹತ್ತಿ ನೋಡಿರಲಿಲ್ಲ, ಅಷ್ಟೇ.

"ಒಂದು ಕೋಳಿಗೆ ಹೆದರುತ್ತೀಯಾ?" ಎಂದರು. ಅರ್ಧ ಗಂಟೆಯಲ್ಲಿ ಅವರೇ ಬಂದರು. ನೀವೇ ಒಮ್ಮೆ ನೋಡಿ ಎಂದು ನಾನು ಏಣಿ ಹಿಡಿದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿದರು. ತಲೆ ತಾರಸಿಯ ಮಟ್ಟಕ್ಕೆ ಬರುವುದಕ್ಕೂ ಗಂಡು ಎಲ್ಲಿಂದಲೋ ಹಾರಿ ಬರುವುದಕ್ಕೂ ಸರಿಹೋಯಿತು. ರೆಕ್ಕೆಯಿಂದ ಎರಡು ಏಟು, ಕಿವಿಯ ಹತ್ತಿರ ಒಂದು ಕುಕ್ಕು. ಕನ್ನಡಕ ಒಂದು ಕಡೆ, ಹಾನಿ ಇನ್ನೊಂದು ಕಡೆ. ಕೆಳಗೆ ಜಮಾಲ್ ಅದೇ ತಾನೇ ಕತ್ತರಿಸಿದ ಹುಲ್ಲಿನ ರಾಶಿ ಹಾಕಿದ್ದರಿಂದ ಪೆಟ್ಟಾಗಲಿಲ್ಲ. ಅವರು ಹುಲ್ಲಿನಿಂದ ಎದ್ದು ಅಂಗಿ ಕೊಡವಿಕೊಂಡರು. ಯಾರೂ ನಗಲಿಲ್ಲ. ಜಮಾಲ್ ಮಾತ್ರ ತುಂಬ ಹೊತ್ತು ಬೆನ್ನು ತಿರುಗಿಸಿ ಗಿಡಕ್ಕೆ ನೀರು ಹಾಕಿದ. ಆ ಗಿಡಕ್ಕೆ ಆಗಲೇ ನೀರಾಗಿತ್ತು.

"ಎತ್ತರದಲ್ಲಿ ಕೆಲಸ ಮಾಡುವವರಿಗೆ ಈ ಜಾಗ ಅಪಾಯ," ಎಂದರು ಹಾನಿ. "ಅಪಾಯ ತೀರುವವರೆಗೆ ಯಾರೂ ತಾರಸಿ ಹತ್ತಬಾರದು. ಕೆಡವುವವರಿಗೂ ಹೇಳು. ಸುರಕ್ಷತಾ ನಿಯಮ."

"ಯಾವಾಗ ತೀರುತ್ತದೆ ಸರ್?"

"ನನ್ನನ್ನೇಕೆ ಕೇಳುತ್ತೀ? ಆ ನರ್ಸನ್ನು ಕೇಳು." ಉದ್ಯಾನದೊಳಗೆ ಓಡಾಡುವ ಪುಟ್ಟ ಗಾಡಿ, ಗಾಲ್ಫ್ ಬಗ್ಗಿ, ಹತ್ತಿ ಹೊರಟುಹೋದರು. ನರ್ಸ್ ವಿಷಯ ಅವರಿಗೆ ಹೇಗೆ ಗೊತ್ತಾಯಿತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಮೇಲಧಿಕಾರಿಗಳ ವಿಷಯದಲ್ಲಿ ಹೊಸಬರು ನೆನಪಿಡಬೇಕಾದದ್ದು ಇದು: ಅವರು ನೋಡುವುದಿಲ್ಲ ಎಂದುಕೊಂಡದ್ದನ್ನು ನೋಡಿರುತ್ತಾರೆ, ನೋಡಲಿ ಎಂದುಕೊಂಡದ್ದನ್ನು ನೋಡಿರುವುದಿಲ್ಲ.

ಅಲ್ಲಿಂದ ಮುಂದೆ ಕಾಯುವ ಕೆಲಸ. ತಾರಸಿಯ ಎದುರಿಗೆ ಬೇವಿನ ಮರದಡಿ ಒಂದು ಬೆಂಚಿತ್ತು. ಫ್ಲೇವಿಯಾ ಬಾಯಿ ನಡೆಯುವುದನ್ನು ಕಡಿಮೆ ಮಾಡಿ ಅಲ್ಲಿ ಕೂರತೊಡಗಿದರು. ಫ್ಲಾಸ್ಕಿನ ಚಹಾ ನನಗೂ ಜಮಾಲನಿಗೂ ಕೊಡುತ್ತಿದ್ದರು. ತಾರಸಿಯ ಅಂಚಿನಲ್ಲಿ ಹೆಣ್ಣಿನ ಕತ್ತು ಮಾತ್ರ ಕಾಣುತ್ತಿತ್ತು. ದಿನಕ್ಕೊಂದೆರಡು ಸಲ ಅದು ಮೊಟ್ಟೆಗಳಿಗೆ ತುಪ್ಪಳ ಹೊದಿಸಿ, ಕೊಳಕ್ಕೆ ಹೋಗಿ, ಮುಳುಗೆದ್ದು ಬರುತ್ತಿತ್ತು. ಉಳಿದಂತೆ ಕೂತದ್ದೇ ಕೂತದ್ದು.

"ಪಾಪ, ಎಂತ ತಾಳ್ಮೆ," ಎಂದೆ ಒಂದು ದಿನ.

"ತಾಳ್ಮೆ ಅಲ್ಲ, ಬೇರೆ ದಾರಿ ಇಲ್ಲ," ಎಂದರು ಫ್ಲೇವಿಯಾ ಬಾಯಿ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಮುಂದುವರಿಸಿದರು. "ನಾನು ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ಹಿಡಿದೆ ಅಂತ ದೇವರಿಗೇ ಗೊತ್ತು. ಮೊದಲು ಹಿಡಿಯುದು ನನ್ನ ಕೈ. ಎರಡು ದಿನ ಆದ ಮೇಲೆ ಕಂಬಳಿ ಸುತ್ತಿ ಕಾರಲ್ಲಿ ತೆಗೊಂಡು ಹೋಗ್ತಾರೆ. ಅದರಲ್ಲಿ ಒಂದಾದ್ರೂ ನಡೆಯುದನ್ನು ನಾನು ನೋಡ್ಲಿಲ್ಲ ಮಾರಾಯ್ರೆ. ಒಂದು!"

ಅವರಿಗೆ ಮಕ್ಕಳಿರಲಿಲ್ಲ. ನಾನು ಇನ್ನೂ ಸ್ವಲ್ಪ ಚಹಾ ಇದೆಯೇ ಎಂದು ಕೇಳಿದೆ. ಕೊಟ್ಟರು.

ಮಾರ್ಚಿನ ಒಂದು ಬೆಳಿಗ್ಗೆ ನಾನು ಗೇಟಿನ ಬಳಿ ಬರುವಾಗಲೇ ಹೆಣ್ಣಿನ ಕೂಗು ಕೇಳಿಸಿತು. ಅದು ಪಂಪ್ ರೂಮಿನ ಕೆಳಗೆ ನೆಲದ ಮೇಲೆ ನಿಂತು ಮೇಲಕ್ಕೆ ನೋಡಿ ಕೂಗುತ್ತಿತ್ತು. ತಾರಸಿಯ ಅಂಚಿನಲ್ಲಿ ಹತ್ತಿಯ ಉಂಡೆಗಳಂಥ ಮರಿಗಳು ಸಾಲಾಗಿ ನಿಂತು ಕೆಳಗೆ ನೋಡುತ್ತಿದ್ದವು. ಕೆಳಗಿದ್ದದ್ದು ಕಾಂಕ್ರೀಟು.

ಜಮಾಲ್ ಅಷ್ಟರಲ್ಲೇ ಹುಲ್ಲಿನ ಚೀಲಗಳನ್ನು ಎಳೆದು ತಂದು ಸುರಿಯುತ್ತಿದ್ದ. ನಾನೂ ಕೈ ಹಾಕಿದೆ. ಗಂಡು ನಮ್ಮಿಬ್ಬರ ಕಾಲಿನ ಮೀನಖಂಡಗಳನ್ನು ಕುಕ್ಕುತ್ತಲೇ ಇತ್ತು. ಫ್ಲೇವಿಯಾ ಬಾಯಿ ಬೆಂಚಿನ ಮುಂದೆ ಸಮವಸ್ತ್ರದಲ್ಲಿ ನಿಂತಿದ್ದರು. ಡ್ಯೂಟಿಗೆ ಹೊತ್ತಾಗಿತ್ತು.

ಮೊದಲ ಮರಿ ಹಾರಲಿಲ್ಲ, ಸುಮ್ಮನೆ ಗಾಳಿಗೆ ಹೆಜ್ಜೆ ಇಟ್ಟಿತು. ಹುಲ್ಲಿನ ಮೇಲೆ ಬಿದ್ದು, ಪುಟಿದು, ಎದ್ದು, ತಾಯಿಯ ಕಡೆ ಓಡಿತು. ಫ್ಲೇವಿಯಾ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಎರಡನೆಯದು, ಮೂರನೆಯದು. ಪ್ರತಿಯೊಂದಕ್ಕೂ ಅವರು ಶಿಲುಬೆಯ ಗುರುತು ಮಾಡಿದರು. "ಪುಶ್ ಅಂತ ಯಾರೂ ಹೇಳುದು ಬೇಡ ನೋಡಿ ಇವಕ್ಕೆ," ಎಂದರು.

ಆರು ಮರಿಗಳು ಇಳಿದವು. ಏಳನೆಯದು ಅಂಚಿಗೆ ಬಂದು, ನೋಡಿ, ಹಿಂದೆ ಸರಿಯಿತು. ಆಮೇಲೆ ಕಾಣಲಿಲ್ಲ. ತಾಯಿ ಕೂಗಿತು. ಗೋಡೆಯೊಳಗಿನಿಂದ ಉತ್ತರ ಬಂತು.

ಮಳೆನೀರು ಇಳಿಯಲು ತಾರಸಿಯಿಂದ ನೆಲದವರೆಗೆ ಒಂದು ಪೈಪು ಇತ್ತು. ಮರಿ ಅದರ ತೂತಿನೊಳಗೆ ಜಾರಿತ್ತು. ನಾನು ಪೈಪಿಗೆ ಕಿವಿಯಿಟ್ಟೆ. ಕೆಳಗೆ ಪೈಪು ಬಾಗುವಲ್ಲಿಂದ ಕೀಚು ಕೀಚು ದನಿ. ಆ ಬಾಗನ್ನು ಬಿಡಿಸಬೇಕು, ಆದರೆ ಗಂಡು ಹೆಬ್ಬಾತು ಬಗ್ಗಲು ಬಿಡುತ್ತಿರಲಿಲ್ಲ. ಆಗ ಗಾಲ್ಫ್ ಬಗ್ಗಿಯಲ್ಲಿ ಹಾನಿ ಬಂದರು. ಆ ದಿನ ಉದ್ಯಾನದ ಮಾಲೀಕರ ಜೊತೆ ಮೀಟಿಂಗ್ ಇತ್ತು. ಕೋಟು ಹಾಕಿ, ಟೈ ಕಟ್ಟಿದ್ದರು.

ಗಂಡಿಗೆ ಅವರ ಗುರುತು ಸಿಕ್ಕಿತು. ನಮ್ಮನ್ನು ಬಿಟ್ಟು ನೇರ ಅವರ ಕಡೆ ಹೋಯಿತು. ಹಾನಿ ಬಗ್ಗಿಯ ಸುತ್ತ ಓಡಿದರು, ಅದು ಹಿಂದೆ ಓಡಿತು. ಅವರು ಎರಡು ಸುತ್ತು ಮುಗಿಸುವುದರೊಳಗೆ ನಾನು ಪೈಪಿನ ಕ್ಲ್ಯಾಂಪ್ ಸಡಿಲಿಸಿ ಬಾಗನ್ನು ಕಳಚಿದೆ. ಒಣ ಎಲೆ, ಮಣ್ಣು, ಸಿಗರೇಟಿನ ತುಂಡು ಬಿದ್ದವು. ಕೊನೆಗೆ ಜಮಾಲನ ತುವಾಲಿನ ಮೇಲೆ ಮರಿ ಬಿತ್ತು. ಅಲುಗಾಡಲಿಲ್ಲ.

ಫ್ಲೇವಿಯಾ ಬಾಯಿ ಬಂದು ತುವಾಲು ಸಮೇತ ಅದನ್ನೆತ್ತಿಕೊಂಡರು. ಮೂಗಿನ ಮಣ್ಣು ಒರೆಸಿದರು, ಬೆನ್ನನ್ನು ಎರಡು ಬೆರಳಿನಿಂದ ಉಜ್ಜಿದರು. ಅವರ ಮುಖದಲ್ಲಿ ಆಗ ಯಾವ ಭಾವವೂ ಇರಲಿಲ್ಲ, ಕೆಲಸ ಮಾತ್ರ ಇತ್ತು. ಮರಿ ಒಮ್ಮೆ ಸೀನಿತು. ನೆಲಕ್ಕೆ ಬಿಟ್ಟರು. ತಡವರಿಸಿ ನಿಂತು, ತಾಯಿಯ ಹಿಂದೆ ಹೋಯಿತು.

"ನಡೀತದೆ," ಎಂದರು ಫ್ಲೇವಿಯಾ ಬಾಯಿ. "ನೋಡಿ, ನಡೀತದೆ." ಮತ್ತೆ ಮತ್ತೆ ಅದನ್ನೇ ಹೇಳಿದರು.

ತಾಯಿ ಮುಂದೆ, ಮರಿಗಳು ಸಾಲಾಗಿ ಹಿಂದೆ, ಹುಲ್ಲುಹಾಸು ದಾಟಿ ಕೊಳಕ್ಕೆ ಹೊರಟವು. ನಡುವೆ ತಲುಪಿದಾಗ ಮಣ್ಣಿನೊಳಗೆ ಗುಡುಗುಡು ಸದ್ದಾಯಿತು. ಆ ಸದ್ದು ನನಗೆ ಗೊತ್ತು. ಪೈಪಿಗೆ ನೀರು ಬರುವ ಸದ್ದು. ಹಿಂದಿನ ದಿನ ಲೈನಿನಲ್ಲಿ ರಿಪೇರಿಯಿದ್ದದ್ದರಿಂದ ಬೆಳಗಿನ ಜಾವದ ನೀರನ್ನು ಕಂಟ್ರೋಲ್ ರೂಮಿನವರು ಈಗ ಬಿಟ್ಟಿದ್ದರು. ಹುಲ್ಲಿನೊಳಗಿಂದ ಸ್ಪ್ರಿಂಕ್ಲರ್‌ಗಳು ಒಂದೊಂದಾಗಿ ತಲೆಯೆತ್ತಿದವು. ದೊಡ್ಡವರ ಕನ್ನಡಕ ಹಾರಿಸುವಷ್ಟು ಜೋರಿನ ನೀರು ಅದು. ಒಂದು ಮರಿ ನೀರಿನ ಹೊಡೆತಕ್ಕೆ ಉರುಳಿ ಅಷ್ಟು ದೂರ ಹೋಯಿತು.

ನಿಲ್ಲಿಸೋಣವೆಂದರೆ ಕೈವಾಲ್ವ್ ಇಲ್ಲ. ಕಂಟ್ರೋಲ್ ರೂಮಿಗೆ ಫೋನು ಮಾಡಿದೆ. ಅಲ್ಲಿ ಕೆಲಸಕ್ಕಿದ್ದ ಕಾರ್ಕಳ ಕಡೆಯ ಹುಡುಗಿಯೊಬ್ಬಳು ಎತ್ತಿದಳು.

"ನೀರು ನಿಲ್ಲಿಸಮ್ಮ, ಬೇಗ!"

"ರೀಸನ್ ಎಂತ ಹಾಕ್ಲಿ ಸರ್? ಲೀಕೇಜಾ, ಬ್ರೇಕೇಜಾ, ಅದರ್ಸಾ?"

"ಹೆಬ್ಬಾತಿನ ಮರಿ!"

"ಅದರ್ಸ್ ಹಾಕ್ತೇನೆ ಸರ್. ಅದಕ್ಕೆ ಹಾನಿ ಸರ್‌ದು ಅಪ್ರೂವಲ್ ಬೇಕಾಗ್ತದೆ."

ನಾನು ತಿರುಗಿ ನೋಡಿದೆ. ಹಾನಿ ಸರ್ ಹುಲ್ಲುಹಾಸಿನ ನಡುವೆ ನಿಂತಿದ್ದರು. ಮರಿಗಳಿಗೆ ಅತಿ ಹತ್ತಿರದ ಸ್ಪ್ರಿಂಕ್ಲರಿನ ತಲೆಯನ್ನು ಬೂಟುಗಾಲಿನಿಂದ ಮೆಟ್ಟಿ ಮಣ್ಣಿಗೆ ಒತ್ತಿ ಹಿಡಿದಿದ್ದರು. ನೀರು ಬೂಟಿನ ಸುತ್ತಲಿಂದ ಚಿಮ್ಮಿ ಪ್ಯಾಂಟು, ಕೋಟು, ಟೈ ದಾಟಿ ಗಡ್ಡಕ್ಕೆ ಬರುತ್ತಿತ್ತು. ಅದು ಯಾವ ನೀರೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ಯಲ್ಲಾ, ಬೇಗ!" ಎಂದು ಕೂಗಿ ಪಕ್ಕದ ಸ್ಪ್ರಿಂಕ್ಲರ್ ತೋರಿಸಿದರು. ಜಮಾಲ್ ಅದನ್ನು ಮೆಟ್ಟಿದ. ಇನ್ನೊಂದನ್ನು ನಾನು. ಫ್ಲೇವಿಯಾ ಬಾಯಿ ಬಿಳಿ ಸಮವಸ್ತ್ರದಲ್ಲಿ ಬಂದು ಮತ್ತೊಂದರ ಮೇಲೆ ನಿಂತರು. ಹಾನಿಯವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ಕಿವಿಗಿಟ್ಟರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಪ್ರೂವ್ಡ್" ಎಂದರು.

ನೀರು ನಿಲ್ಲುವ ಹೊತ್ತಿಗೆ ಮರಿಗಳು ನಮ್ಮ ನಾಲ್ವರ ನಡುವಿನಿಂದ ದಾಟಿಹೋಗಿದ್ದವು. ಗಂಡು ಹೆಬ್ಬಾತು ಹಾನಿಯವರ ಪಕ್ಕದಿಂದಲೇ ನಡೆದುಹೋಯಿತು. ಬುಸುಗುಟ್ಟಲಿಲ್ಲ. ಅವು ಒಂದೊಂದಾಗಿ ಕೊಳಕ್ಕೆ ಇಳಿದದ್ದನ್ನು ನಾವು ಇದ್ದಲ್ಲಿಂದಲೇ ನೋಡಿದೆವು.

ಹಾನಿ ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಮೀಟಿಂಗಿಗೆ ತಡವಾಗಿ ಹೋದರಂತೆ. ಸಂಜೆ ನನ್ನನ್ನು ಆಫೀಸಿಗೆ ಕರೆಸಿದರು. ಬೆಳಗಿನ ವಿಷಯ ಎತ್ತಲಿಲ್ಲ. ವೀಸಾದ ಕಾಗದ ಮುಂದೆ ತಳ್ಳಿದರು, ಸಹಿಯಾಗಿತ್ತು. ನಾನು ಧನ್ಯವಾದ ಹೇಳಲು ಹೊರಟಾಗ ತಡೆದರು. "ಇದಕ್ಕೆ ಸಹಿ ಹಾಕಿ ಮೂರು ವಾರವಾಯಿತು. ನೀನು ಕೇಳಲೇ ಇಲ್ಲ." ಮೂರು ವಾರ ನಾನು ಅನ್ನ ಸರಿಯಾಗಿ ಉಂಡಿರಲಿಲ್ಲ. ಹೊಸಬರಿಗೆ ಇನ್ನೊಂದು ಮಾತು: ಕೇಳಬೇಕಾದ್ದನ್ನು ಕೇಳಿಬಿಡಿ.

ಪಂಪ್ ರೂಮನ್ನು ಮುಂದಿನ ವಾರ ಕೆಡವಿದರು. ಫ್ಲೇವಿಯಾ ಬಾಯಿಗೆ ಆಸ್ಪತ್ರೆಯಲ್ಲಿ ತಡವಾಗಿ ಬಂದದ್ದಕ್ಕೆ, ಒದ್ದೆ ಸಮವಸ್ತ್ರಕ್ಕೆ ಎಚ್ಚರಿಕೆ ಕೊಟ್ಟರಂತೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಅದು ಮೊದಲನೆಯದು. "ಹೆರಿಗೆ ಕೇಸ್ ಇತ್ತು ಅಂತ ಹೇಳಿದೆ. ಸುಳ್ಳಾ?" ಎಂದರು. ಮರಿಗಳಲ್ಲಿ ಒಂದನ್ನು ಕಾಗೆ ಒಯ್ದಿತು, ಒಂದನ್ನು ಬೆಕ್ಕು. ಎರಡನೆಯದು ಹೋದ ದಿನ ಫ್ಲೇವಿಯಾ ಬಾಯಿ ಬೆಂಚಿನಲ್ಲಿ ಕೂರದೆ ಹೋದರು. ಮರುದಿನ ಬಂದರು. ಉಳಿದ ಐದೂ ಬೆಳೆದವು.

ಬೆಳೆಯುವ ಮರಿಗಳಿಗೆ ಹಸಿವು ಜಾಸ್ತಿ. ಮಾಲೀಕರ ಕಡೆಯ ಅಧಿಕಾರಿ ತಪಾಸಣೆಗೆ ಬರುವ ಹಿಂದಿನ ದಿನ ನಾವು ಕೊಳದ ಪಕ್ಕ ಹೂವಿನ ಸಸಿ ನೆಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಪಾತಿಯಲ್ಲಿ ಮಣ್ಣು ಮಾತ್ರ ಇತ್ತು. ಅಧಿಕಾರಿ ಪಾತಿಯ ಮುಂದೆ ನಿಂತು, "ಇದೇನಾಯಿತು?" ಎಂದು ಕೇಳಿದರು. ನಾನು ಬಾಯಿ ತೆರೆದೆ.

"ಫಂಗಸ್," ಎಂದರು ಹಾನಿ.

ಅವರ ಬೆನ್ನ ಹಿಂದೆ ಐದು ಎಳೆ ಹೆಬ್ಬಾತುಗಳು ಸಾಲಾಗಿ ನಡೆದು ಬಂದವು. ಒಂದರ ಕೊಕ್ಕಿನಲ್ಲಿ ಇನ್ನೂ ಒಂದು ಎಲೆಯಿತ್ತು. ಅಧಿಕಾರಿ ಅವನ್ನು ನೋಡಿದರು, ಹಾನಿಯವರನ್ನು ನೋಡಿದರು. ಕಪ್ಪು ಕನ್ನಡಕದೊಳಗೆ ಏನೂ ಕಾಣುತ್ತಿರಲಿಲ್ಲ.

"ವಾಸಿಯಾಗಲು ಎಷ್ಟು ದಿನ ಬೇಕು?"

"ರೆಕ್ಕೆ ಬಲಿಯುವವರೆಗೆ," ಎಂದರು ಹಾನಿ.

ಅಧಿಕಾರಿ ತಲೆಯಾಡಿಸಿ ಮುಂದಿನ ಪಾತಿಗೆ ನಡೆದರು.